ಕೊಳೆತ ಹಲಗೆ ಎಸೆದ ಸೋಮವಾರ

ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಹತ್ತಿರ, ಕಾಲುವೆ ಪಕ್ಕದ ಒಂದು ಸಣ್ಣ ಯಾರ್ಡಿನಲ್ಲಿ ನನ್ನ ಕೆಲಸ. ಹಳೆಯ ಮರದ ಸರಕು ದೋಣಿಗಳನ್ನು ರಿಪೇರಿ ಮಾಡಿ ಉಳಿಸಿಕೊಳ್ಳುವುದು ನಮ್ಮ ಸಂಸ್ಥೆಯ ಉದ್ದೇಶ. ಸಂಬಳ ಬರುವುದು ಇಬ್ಬರಿಗೆ ಮಾತ್ರ, ಉಳಿದವರೆಲ್ಲ ವಾಲಂಟಿಯರ್‌ಗಳು. ರಿಟೈರ್ ಆದ ಬಸ್ ಡ್ರೈವರ್ ಇದ್ದಾರೆ, ಶಾಲೆ ಟೀಚರ್ ಇದ್ದಾರೆ, ಕಾಲೇಜು ಹುಡುಗಿಯೊಬ್ಬಳಿದ್ದಾಳೆ. ಶನಿವಾರ ಯಾರು ಏನು ಮಾಡಬೇಕು ಅಂತ ನೋಡುವುದು, ಸಾಮಾನು ತರಿಸುವುದು, ಯಾರ್ಡು ಅಚ್ಚುಕಟ್ಟಾಗಿ ಇಡುವುದು ನನ್ನ ಪಾಲಿಗೆ. ನಾನು ಎಡವಿದ್ದು ಆ ಅಚ್ಚುಕಟ್ಟಿನಲ್ಲೇ.

ಈ ದೋಣಿ ನೋಡದವರಿಗೆ ಒಂದು ಮಾತು. ಉದ್ದ ಸುಮಾರು 70 ಅಡಿ, ಅಗಲ 7 ಅಡಿಗಿಂತ ಒಂಚೂರು ಕಡಿಮೆ. ನಮ್ಮ ಎರಡು ಬಸ್ಸು ಹಿಂದೆ ಮುಂದೆ ನಿಲ್ಲಿಸಿದಷ್ಟು ಉದ್ದ, ಆದರೆ ಬಸ್ಸಿನಷ್ಟೂ ಅಗಲ ಇಲ್ಲ. ಹದಿನೆಂಟನೇ ಶತಮಾನದಲ್ಲಿ ಇಲ್ಲಿನ ಕಾಲುವೆಗಳ ಲಾಕ್‌ಗಳನ್ನು, ಅಂದರೆ ನೀರು ಏರಿಸಿ ಇಳಿಸುವ ಗೇಟಿನ ತೊಟ್ಟಿಗಳನ್ನು, ಅಷ್ಟೇ ಕಿರಿದಾಗಿ ಕಟ್ಟಿದ್ದರು. ದೋಣಿ ಅದರೊಳಗೆ ಹಿಡಿಸಬೇಕಲ್ಲ. ಒಂದೇ ಕುದುರೆ ದಡದ ಮೇಲೆ ನಡೆಯುತ್ತಾ 25 ಟನ್ನಿನಷ್ಟು ಕಲ್ಲಿದ್ದಲು ಎಳೆಯುತ್ತಿತ್ತು. ಹಿಂಬದಿಯ ಹತ್ತು ಅಡಿ ಕ್ಯಾಬಿನ್ನಿನಲ್ಲಿ ಗಂಡ, ಹೆಂಡತಿ, ಮಕ್ಕಳು, ಒಲೆ, ಹಾಸಿಗೆ ಎಲ್ಲಾ. 1948ರಲ್ಲಿ ಹೆಚ್ಚಿನ ಕಾಲುವೆಗಳು ಸರ್ಕಾರದ ಕೈಗೆ ಬಂದವು. 1962-63ರ ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟಿ ದೋಣಿಗಳು ವಾರಗಟ್ಟಲೆ ನಿಂತಲ್ಲೇ ನಿಂತವು. ಮೊದಲೇ ಲಾರಿ ಕಡೆ ವಾಲಿದ್ದ ಸರಕು ಆಮೇಲೆ ತಿರುಗಿ ಬರಲಿಲ್ಲ. ಮರದ ದೋಣಿಗಳನ್ನು ಒಡೆದರು, ಸುಟ್ಟರು, ಎಷ್ಟನ್ನೋ ಮುಳುಗಿಸಿಬಿಟ್ಟರು.

ನಮ್ಮ ದೋಣಿಯ ಮೂತಿಯ ಎಡಭಾಗ ಪೂರ್ತಿ ಕೊಳೆತಿತ್ತು. ಎರಡು ತಿಂಗಳು ಕೂತು ವಾಲಂಟಿಯರ್‌ಗಳು ಒಂದೊಂದೇ ಓಕ್ ಹಲಗೆ ಬಿಚ್ಚಿದರು. ತುಕ್ಕು ಹಿಡಿದ ಮೊಳೆ ಕತ್ತರಿಸಿ, ಪುಡಿಯಾಗುವ ಮರವನ್ನು ಎರಡೂ ಕೈಯಲ್ಲಿ ಮಗುವಿನ ಹಾಗೆ ಹಿಡಿದು ಶೆಡ್ಡಿನ ಹಿಂದೆ ಇಟ್ಟರು. ಮೇಲೆ ಸೀಮೆಸುಣ್ಣದಲ್ಲಿ ಏನೋ ಗೀಚಿದ್ದರು. ಮಳೆಗೆ ಅದು ಅರ್ಧ ಅಳಿಸಿತ್ತು.

ಒಂದು ಸೋಮವಾರ ಕಸದ ಲಾರಿಯವನು ಬಂದ. ನಾನು ಒಬ್ಬನೇ ಇದ್ದೆ. ಅಣಬೆ ಬೆಳೆದ ಮರದ ರಾಶಿ, ಇನ್ನೇನಿದೆ ಅದರಲ್ಲಿ ಅಂತ ಎಲ್ಲಾ ತುಂಬಿಸಿ ಕಳಿಸಿದೆ. ಜಾಗ ಗುಡಿಸಿ ಫೋಟೋ ಬೇರೆ ತೆಗೆದು ಗ್ರೂಪಿಗೆ ಹಾಕಿದೆ. ಒಬ್ಬರೂ ಲೈಕ್ ಮಾಡಲಿಲ್ಲ. ಆಗಲೂ ನನಗೆ ಹೊಳೆಯಲಿಲ್ಲ.

ಶನಿವಾರ ನಮ್ಮ ಹಿರಿಯ ಬಡಗಿ ಬಂದರು. ಎಪ್ಪತ್ತು ದಾಟಿದವರು, ನಾನು ಮನಸ್ಸಿನಲ್ಲಿ ತಾತ ಅಂತಲೇ ಕರೆಯುವುದು. ಖಾಲಿ ಜಾಗ ನೋಡಿದರು, ಟೋಪಿ ತೆಗೆದರು, ತಲೆ ಕೆರೆದುಕೊಂಡರು. "ಡ್ರಾಯಿಂಗ್ ಎಲ್ಲಿ?" ಅಂದರು. ಯಾವ ಡ್ರಾಯಿಂಗ್ ಅಂತ ಕೇಳಿದೆ. "ನೀನು ಕಸಕ್ಕೆ ಹಾಕಿದೆಯಲ್ಲ, ಅದು."

ವಿಷಯ ಇಷ್ಟೇ. ಈ ದೋಣಿ ಕಟ್ಟಿದವರ ನಕ್ಷೆ ನಮ್ಮ ಹತ್ತಿರ ಇಲ್ಲ. ಅವರು ಕಣ್ಣಳತೆಯಲ್ಲಿ ಕಟ್ಟಿದ್ದರು, ಅಪ್ಪನಿಂದ ಮಗ ನೋಡಿ ಕಲಿತ ಕೆಲಸ. ಮೂತಿಯ ಹಲಗೆ ಒಟ್ಟೊಟ್ಟಿಗೇ ಬಾಗುತ್ತದೆ, ತಿರುಚಿಕೊಳ್ಳುತ್ತದೆ, ಅಗಲವೂ ಕಡಿಮೆಯಾಗುತ್ತಾ ಹೋಗುತ್ತದೆ. ಆ ಆಕಾರ ಉಳಿದಿದ್ದು ಕೊಳೆತ ಹಲಗೆಯಲ್ಲಿ ಮಾತ್ರ. ಅದನ್ನು ಹೊಸ ಓಕ್ ಮೇಲಿಟ್ಟು ಗೆರೆ ಎಳೆದಿದ್ದರೆ ಅರ್ಧ ದಿನದ ಕೆಲಸ. ಈಗ ತೆಳು ಪ್ಲೈವುಡ್ ಪಟ್ಟಿಗಳನ್ನು ದೋಣಿಯ ಪಕ್ಕೆಗೂಡಿಗೆ ಒತ್ತಿ, ಕಂಪಾಸಿನಲ್ಲಿ ಅಂತರ ಗುರುತು ಹಾಕಿ ಆಕಾರ ಹಿಡಿಯಬೇಕಾಯಿತು. ಒಂದು ಹಲಗೆಗೆ ಮೂರು ಶನಿವಾರ ಹೋಯಿತು. ಪಕ್ಕೆಗಳಲ್ಲೂ ಎರಡು ಸವೆದಿದ್ದವು, ಅಲ್ಲಿ ಊಹೆಯೇ ಗತಿ.

ಹಲಗೆ ಬಗ್ಗಿಸುವ ದಿನ ಮಾತ್ರ ತಾತ ನನ್ನನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡರು. ಉದ್ದನೆಯ ಮರದ ಪೆಟ್ಟಿಗೆ, ಒಳಗೆ ಹಬೆ, ಒಂದು ಥರ ಇಡ್ಲಿ ಪಾತ್ರೆಯೇ ಅನ್ನಿ. ಇಂಚು ದಪ್ಪಕ್ಕೆ ಒಂದು ಗಂಟೆ ಲೆಕ್ಕ. ನಮ್ಮದು ಎರಡು ಇಂಚು. ಪೆಟ್ಟಿಗೆಗೆ ಹಾಕುವ ಮೊದಲೇ ತಣ್ಣನೆ ಹಲಗೆ ಹೊತ್ತುಕೊಂಡು ಎರಡು ಸಲ ನಡೆಸಿದರು. ಯಾರು ಮುಂದೆ, ಯಾರು ಹಿಂದೆ, ಹಲಗೆ ಬಿಗಿದು ಹಿಡಿಯುವ ಕ್ಲ್ಯಾಂಪುಗಳಲ್ಲಿ ಮೊದಲು ಯಾವುದು, ದಾರಿಯಲ್ಲಿ ಚಹಾ ಕಪ್ಪು ಇದೆಯಾ ಎಲ್ಲಾ ನೋಡಿದರು. ಹೊರಗೆ ತೆಗೆದ ಮೇಲೆ ಸಿಗುವುದು ಕೆಲವೇ ನಿಮಿಷ. ಆರಿತು ಅಂದರೆ ಬಾಗುವುದಿಲ್ಲ, ಸೀಳುತ್ತದೆ. ಪೆಟ್ಟಿಗೆ ತೆಗೆದಾಗ ಮುಖಕ್ಕೆ ಹಬೆ ಹೊಡೆಯಿತು, ಹುಳಿ ವಾಸನೆ. ದಪ್ಪ ಗ್ಲೌಸು ಹಾಕಿ ಏಳು ಜನ ಓಡಿದೆವು. ಅಷ್ಟು ಗಟ್ಟಿ ಮರ ಒದ್ದೆ ಚರ್ಮದ ಹಾಗೆ ಬಳುಕಿತು. ಕೊನೆಯ ಕ್ಲ್ಯಾಂಪು ಬಿಗಿಯುವಾಗ ಕಟಕ್ ಅಂತ ಸದ್ದಾಯಿತು. ಎಲ್ಲರೂ ಉಸಿರು ಹಿಡಿದೆವು. ಸದ್ಯ, ಅದು ಕ್ಲ್ಯಾಂಪಿನ ಸದ್ದು.

ಆಮೇಲೆ ಸಂದಿಗಳಿಗೆ ಡಾಂಬರು ಹತ್ತಿಸಿದ ನಾರು ಬಡಿಯುವುದು, ಹಲಗೆಗೆ ಚಾಲಿಕೋ ಬಳಿಯುವುದು. ಚಾಲಿಕೋ ಅಂದರೆ ಡಾಂಬರು, ಕುದುರೆ ಲದ್ದಿ, ಹಸುವಿನ ಕೂದಲು ಬಿಸಿ ಮಾಡಿ ಕಲಸಿದ್ದು. ಕಾಲೇಜು ಹುಡುಗಿ ಮೂಗು ಮುಚ್ಚಿಕೊಂಡಳು. ಅಜ್ಜಿ ಮನೆಯ ಅಂಗಳಕ್ಕೆ ಸಗಣಿ ಸಾರಿಸಿದ ಕೈ ನನ್ನದು, ನನಗೇನೂ ಅನ್ನಿಸಲಿಲ್ಲ. ಜಾಕೆಟ್ ಮಾತ್ರ ಇವತ್ತಿಗೂ ಮನೆಯೊಳಗೆ ಬಂದಿಲ್ಲ.

ಈಗ ಬಿಚ್ಚಿದ ಪ್ರತಿ ತುಂಡಿಗೂ ತಗಡಿನ ಚೀಟಿ ಕಟ್ಟುತ್ತೇವೆ, ಸೀಮೆಸುಣ್ಣ ನಂಬುವುದಿಲ್ಲ. ಹೊಸ ಹಲಗೆ ಕೂತು, ದೋಣಿ ನೀರಿನಲ್ಲಿ ಒಂದು ತಿಂಗಳು ನೆನೆದು ಮರ ಉಬ್ಬುವವರೆಗೂ ಶೆಡ್ಡಿನಿಂದ ಏನೂ ಆಚೆ ಹೋಗುವುದಿಲ್ಲ. ಯಾರ್ಡು ಮೊದಲಿಗಿಂತ ಜಾಸ್ತಿ ಗಲೀಜು. ಬಂದವರು ಮೂಗು ಮುರಿಯುತ್ತಾರೆ, ಮುರಿಯಲಿ ಬಿಡಿ.

ಊಹೆ ಮಾಡಿದ ಆ ಜಾಗದಲ್ಲಿ ಮೂತಿಯ ಗೆರೆ ಅರ್ಧ ಇಂಚು ಚಪ್ಪಟೆಯಾಗಿದೆ. ದೋಣಿ ತುಂಬಿದ್ದರೆ ಅದು ನೀರಿನೊಳಗೆ ಹೋಗುತ್ತಿತ್ತು. ಈಗ ಹೊರುವುದಕ್ಕೆ ಕಲ್ಲಿದ್ದಲು ಎಲ್ಲಿದೆ? ಖಾಲಿ ದೋಣಿ ಮೇಲೆದ್ದು ತೇಲುತ್ತದೆ, ಎಡಗಡೆಯಿಂದ ನೋಡಿದರೆ ಆ ಚಪ್ಪಟೆ ಜಾಗ ಎದ್ದು ಕಾಣುತ್ತದೆ. ತಾತ ದೋಣಿಯನ್ನು ಯಾವಾಗಲೂ ಎಡಗಡೆ ನಮ್ಮ ಆಫೀಸಿನ ಕಿಟಕಿಗೆ ಕಾಣುವ ಹಾಗೇ ಕಟ್ಟುತ್ತಾರೆ. ಬೇಕಂತಲೇ ಇರಬೇಕು.