ಮೇ ತಿಂಗಳ ಊರನ್ನು ನೋಡಿದ ಮೇಲೆ

ಇಪ್ಪತ್ತಾರು ವರ್ಷಗಳಲ್ಲಿ ನಾವು ಊರನ್ನು ನೋಡಿದ್ದು ಜುಲೈ ಮತ್ತು ಆಗಸ್ಟ್ ತಿಂಗಳುಗಳಲ್ಲಿ ಮಾತ್ರ. ನಾವಿರುವ, ಯುಎಇಯ ಶಾರ್ಜಾದ ಶಾಲೆಗಳಿಗೆ ದೊಡ್ಡ ರಜೆ ಸಿಗುವುದು ಆಗಲೇ. ಹೊರಗೆ 45 ಡಿಗ್ರಿ ಮುಟ್ಟುವ ಬಿಸಿಲು, ಅದರ ಮೇಲೆ ಸಮುದ್ರದ ತೇವ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರರವರೆಗೆ ಬಿಸಿಲಿನಲ್ಲಿ ಕೆಲಸ ಮಾಡಿಸಬಾರದೆಂದು ಸರ್ಕಾರವೇ ನಿಯಮ ಮಾಡಿರುವ ಆ ದಿನಗಳಲ್ಲಿ ಮಕ್ಕಳನ್ನು ಕರೆದುಕೊಂಡು ಮಂಗಳೂರಿನ ವಿಮಾನ ಹತ್ತುತ್ತಿದ್ದೆವು. ಹೀಗಾಗಿ ಕುಂದಾಪುರದಿಂದ ಹದಿನಾಲ್ಕು ಕಿಲೋಮೀಟರ್ ಒಳಗಿರುವ ನಮ್ಮ ಹಳ್ಳಿಯೆಂದರೆ ತುಂಬಿ ತುಳುಕುವ ಬಾವಿ, ನಾಟಿಯಾದ ಗದ್ದೆ, ಹೆಂಚಿನ ಮೇಲೆ ಇಡೀ ರಾತ್ರಿ ಸುರಿಯುವ ಮಳೆ ಎಂದೇ ನಮ್ಮ ಮನಸ್ಸಿನಲ್ಲಿ ನೆಲೆಯೂರಿತ್ತು. ನವೆಂಬರಿನಿಂದ ಮೇ ತಿಂಗಳವರೆಗೆ ತಿರುಗಾಟದಲ್ಲಿರುವ ಯಕ್ಷಗಾನ ಮೇಳಗಳ ಒಂದು ಬಯಲಾಟವನ್ನೂ ಈ ಇಪ್ಪತ್ತಾರು ವರ್ಷಗಳಲ್ಲಿ ನಾನು ನೋಡಿಲ್ಲ.

ಮುಂದಿನ ವರ್ಷ ನಮ್ಮ ಮನೆಯವರಿಗೆ ಅರವತ್ತು ತುಂಬುತ್ತದೆ, ಕಂಪನಿಯ ಕೆಲಸ ಮುಗಿಯುತ್ತದೆ. ಎಲ್ಲಿ ನೆಲೆಸಬೇಕೆಂಬ ಮಾತು ನಮ್ಮಲ್ಲಿ ಎರಡು ವರ್ಷಗಳಿಂದ ನಡೆಯುತ್ತಿತ್ತು. ಊರಿಗೆ ಫೋನು ಮಾಡಿದಾಗ ಎಂಬತ್ತನಾಲ್ಕು ವರ್ಷದ ನನ್ನ ಅತ್ತೆ ಹೇಳಿದ ಮಾತು ಒಂದೇ: "ಮಳಿಗಾಲದಗೆ ಬಂದ್ ಕಂಡ್ರೆ ಗೊತ್ತಾತಿಲ್ಲೆ, ಬೇಸ್ಗಿಯಗೆ ಬಂದ್ ಕಾಣಿ." ಆ ಮಾತಿನಂತೆ 2025ರ ಏಪ್ರಿಲ್ ಮಧ್ಯದಲ್ಲಿ ಹೋಗಿ, ಮೇ ಕೊನೆಯವರೆಗೆ ಇದ್ದು ಬಂದೆವು.

ಮೊದಲ ವಾರದಲ್ಲೇ ಸೆಖೆ ಎಂಬ ಪದದ ಅರ್ಥ ನನಗೆ ಮತ್ತೆ ತಿಳಿಯಿತು. ಉಷ್ಣಮಾಪಕದಲ್ಲಿ 34 ಡಿಗ್ರಿಗಿಂತ ಹೆಚ್ಚೇನೂ ಇರಲಿಲ್ಲ. ಆದರೆ ಶಾರ್ಜಾದ 45 ಡಿಗ್ರಿಯನ್ನು ನಾವು ಅನುಭವಿಸುವುದು ಮನೆಯ ಬಾಗಿಲಿನಿಂದ ಕಾರಿನ ಬಾಗಿಲಿನವರೆಗೆ ಮಾತ್ರ, ಊರಿನ 34 ಡಿಗ್ರಿಯಾದರೋ ರಾತ್ರಿ ಎರಡು ಗಂಟೆಗೂ ಹಾಸಿಗೆಯ ಮೇಲೆ ನಮ್ಮೊಡನೆ ಇರುತ್ತದೆ. ಸಂಜೆ ಗುಡುಗು ಗಾಳಿ ಎದ್ದರೆ ಕರೆಂಟು ಹೋಗುತ್ತಿತ್ತು, ಬೆಳಗಿನ ಜಾವ ಬಂದರೆ ಪುಣ್ಯ. ಜುಲೈ ತಿಂಗಳಲ್ಲಿ ಬಗ್ಗಿ ಕೈ ಚಾಚಿದರೆ ನೀರು ಮುಟ್ಟುವಂತಿದ್ದ ಬಾವಿಯಲ್ಲಿ ಮೇ ಮೊದಲ ವಾರ ಕೊಡಪಾನ ಇಳಿಸಿದಾಗ ತಳದ ಮುರಕಲ್ಲಿಗೆ, ಅಂದರೆ ಜಂಬಿಟ್ಟಿಗೆ ಕಲ್ಲಿಗೆ, ತಾಗಿ ಠಣ್ ಎಂದಿತು. ಮೇಲೆ ಬಂದದ್ದು ಅರ್ಧ ಕೊಡ ಕೆಂಪು ನೀರು. ವರ್ಷಕ್ಕೆ ಸುಮಾರು ನಾಲ್ಕು ಸಾವಿರ ಮಿಲಿಮೀಟರ್ ಮಳೆ ಬೀಳುವ ಜಿಲ್ಲೆಯಲ್ಲಿ, ಅಷ್ಟು ನೀರನ್ನೂ ಮುರಕಲ್ಲಿನ ನೆಲ ಸೋಸಿ ಸಮುದ್ರಕ್ಕೆ ಬಿಟ್ಟುಕೊಟ್ಟು, ಏಪ್ರಿಲ್ ಹೊತ್ತಿಗೆ ಬರಿದಾಗಿ ನಿಲ್ಲುತ್ತದೆ. ಇದು ನಾನು ಹುಟ್ಟಿ ಬೆಳೆದ ಸೀಮೆ. ಬಾಲ್ಯದಲ್ಲಿ ಇದೆಲ್ಲವನ್ನೂ ಕಂಡಿದ್ದೆ, ಆದರೆ ಮರೆತಿದ್ದೆ.

ಆ ವರ್ಷ ಮುಂಗಾರು ಮೇ 24ಕ್ಕೇ ಕೇರಳವನ್ನು ಮುಟ್ಟಿ, ಎರಡೇ ದಿನಗಳಲ್ಲಿ ನಮ್ಮ ಕರಾವಳಿಗೂ ಬಂದದ್ದರಿಂದ ಊರಿನ ಎರಡು ಮುಖಗಳನ್ನೂ ಒಂದೇ ಪ್ರವಾಸದಲ್ಲಿ ನೋಡಿದಂತಾಯಿತು. ಮಳೆ ಹಿಡಿದ ಮೂರನೆಯ ದಿನ ಅಂಗಳದ ಮೆಟ್ಟಿಲುಗಳ ಮೇಲೆ ತೆಳುವಾದ ಹಸಿರು ಮೂಡತೊಡಗಿದಾಗ ನನ್ನ ಎದೆ ಹಿಡಿದಂತಾಯಿತು. 2019ರ ಆಗಸ್ಟಿನಲ್ಲಿ ಅತ್ತೆ ಬಿದ್ದದ್ದು ಅದೇ ಮೆಟ್ಟಿಲಿನ ಪಾಚಿಯ ಮೇಲೆ. ಸೊಂಟದ ಮೂಳೆ ಮುರಿದಿತ್ತು. ಮೈದುನ ಪಕ್ಕದ ಮನೆಯ ಜೀಪಿನಲ್ಲಿ ಅವರನ್ನು ಮಲಗಿಸಿಕೊಂಡು, ಮರ ಬಿದ್ದ ರಸ್ತೆಯನ್ನು ಬಳಸಿ, ಹೆದ್ದಾರಿ ಸೇರಿ ಮಣಿಪಾಲದ ಆಸ್ಪತ್ರೆ ಮುಟ್ಟುವಾಗ ಎರಡೂವರೆ ಗಂಟೆಯಾಗಿತ್ತು. ಅಂದು ಮನೆಯಲ್ಲಿ ಮೂವತ್ತೆಂಟರ ಮೈದುನನಿದ್ದ. ನಾಳೆ ಆ ಮನೆಯಲ್ಲಿ ಎಪ್ಪತ್ತೈದರ ನಾವಿಬ್ಬರೇ ಇದ್ದರೆ ಯಾರು ಯಾರನ್ನು ಎತ್ತಬೇಕು? ನಿವೃತ್ತಿಗೆ ಊರು ಆರಿಸುವಾಗ ಎಲ್ಲರೂ ಅರವತ್ತರ ತಮ್ಮನ್ನು ಕಣ್ಣ ಮುಂದೆ ಇಟ್ಟುಕೊಂಡು ಆರಿಸುತ್ತಾರೆ. ನಾನು ಎಪ್ಪತ್ತೈದರ, ಬಹುಶಃ ಒಬ್ಬಳೇ ಉಳಿದಿರುವ ನನ್ನನ್ನು ಇಟ್ಟುಕೊಂಡು ನೋಡತೊಡಗಿದೆ.

ಹಾಗಾದರೆ ಶಾರ್ಜಾದಲ್ಲಿಯೇ ಉಳಿಯಬಾರದೇಕೆ ಎಂದು ನಮ್ಮ ಮಗಳು ಕೇಳಿದಳು. ಈ ನಾಡು ನಮಗೆ ಕೊಟ್ಟ ನಿಶ್ಚಿಂತೆಯನ್ನು ನಾನು ಹಗುರವಾಗಿ ಕಾಣಲಾರೆ. ಮಗನಿಗೆ ಜ್ವರ ಬಂದ ರಾತ್ರಿಗಳಲ್ಲಿ ಒಂದು ಗಂಟೆಗೆ ಒಬ್ಬಳೇ ನಡೆದು ಹೋಗಿ ಔಷಧಿ ತಂದಿದ್ದೇನೆ. ಹಿಂತಿರುಗಿ ನೋಡಬೇಕೆಂದು ಒಮ್ಮೆಯೂ ಅನಿಸಿಲ್ಲ. ಆದರೆ ಇಲ್ಲಿ ನಮ್ಮ ವಾಸಕ್ಕೆ ಆಧಾರ ಗಂಡಸಿನ ಕೆಲಸ, ಹೆಂಡತಿಯ ವೀಸಾಕ್ಕೆ ಆಧಾರ ಗಂಡನ ವೀಸಾ. ಗಂಡ ತೀರಿಕೊಂಡರೆ ಹೆಂಡತಿಗೆ ಒಂದು ವರ್ಷದ ವಾಸದ ಅನುಮತಿ ಸಿಗುತ್ತದೆ. ಅದು ಕರುಣೆಯ ನಿಯಮವೇ, ಆದರೆ ಕಾಯಂ ನೆಲೆಯಲ್ಲ. ಐವತ್ತೈದು ದಾಟಿದ ನಿವೃತ್ತರಿಗೆ ಐದು ವರ್ಷಗಳ ವೀಸಾ ಇದೆ, ನವೀಕರಿಸಲೂ ಬಹುದು. ಅದಕ್ಕೆ 10 ಲಕ್ಷ ದಿರ್ಹಮ್ ಬೆಲೆಯ ಆಸ್ತಿ, ಇಲ್ಲವೇ ಅಷ್ಟೇ ಉಳಿತಾಯ, ಇಲ್ಲವೇ ತಿಂಗಳಿಗೆ 20 ಸಾವಿರ ದಿರ್ಹಮ್ ಆದಾಯ ಬೇಕು. ದುಬೈಯಲ್ಲಾದರೆ ಆದಾಯದ ಮಿತಿ 15 ಸಾವಿರ. ಅಂಗಡಿ, ವರ್ಕ್‌ಶಾಪು, ಕಚೇರಿಗಳಲ್ಲಿ ದುಡಿದ ನಮ್ಮ ಕಡೆಯ ಬಹುಪಾಲು ಜನರಿಗೆ ಇದು ಎಟುಕುವ ಮಾತಲ್ಲ. ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಟಿ ಮೊದಲ ಐದು ವರ್ಷಗಳಿಗೆ ವರ್ಷಕ್ಕೆ 21 ದಿನಗಳ, ಅನಂತರ ವರ್ಷಕ್ಕೆ 30 ದಿನಗಳ ಮೂಲ ವೇತನದ ಲೆಕ್ಕದ್ದು, ಒಟ್ಟು ಎರಡು ವರ್ಷಗಳ ಸಂಬಳವನ್ನು ಮೀರುವಂತಿಲ್ಲ. ಬಾಡಿಗೆಯೂ ವಯಸ್ಸಿನೊಂದಿಗೆ ಏರುವ ಆರೋಗ್ಯ ವಿಮೆಯ ಕಂತೂ ಸೇರಿದರೆ ಆ ಹಣ ಇಲ್ಲಿ ಬಹಳ ಕಾಲ ಬಾಳದು.

ಇನ್ನೊಂದು ನೆನಪೂ ಇದೆ. 2024ರ ಏಪ್ರಿಲ್ 16ರಂದು ಈ ದೇಶದಲ್ಲಿ ಎಪ್ಪತ್ತೈದು ವರ್ಷಗಳಲ್ಲೇ ಕಾಣದ ಮಳೆ ಬಿತ್ತು; ಅಲ್ ಐನ್ ಪ್ರಾಂತದ ಒಂದೆಡೆ ಒಂದೇ ದಿನಕ್ಕಿಂತ ಕಡಿಮೆ ಅವಧಿಯಲ್ಲಿ 254 ಮಿಲಿಮೀಟರ್. ನಮ್ಮ ಬೀದಿಯಲ್ಲಿ ದಿನಗಟ್ಟಲೆ ನೀರು ನಿಂತಿತು, ಕಟ್ಟಡದ ಲಿಫ್ಟು ನಾಲ್ಕು ದಿನ ಓಡಲಿಲ್ಲ. ಕೆಳಗಿನಿಂದ ಕುಡಿಯುವ ನೀರಿನ ಕ್ಯಾನುಗಳನ್ನು ಒಂಬತ್ತನೆಯ ಮಹಡಿಗೆ ಹೊತ್ತು ತಂದ ಮಲಯಾಳಿ ಹುಡುಗರು ಪ್ರತಿ ಮಹಡಿಯಲ್ಲೂ ಬಾಗಿಲು ಬಡಿದು, ವಯಸ್ಸಾದವರು ಯಾರಿದ್ದಾರೆಂದು ಕೇಳಿದರು. ನಮ್ಮ ಮನೆಯವರು ಮಂಡಿನೋವಿನಿಂದ ಆ ನಾಲ್ಕು ದಿನ ಕೆಳಗಿಳಿಯಲೇ ಇಲ್ಲ.

ಖರ್ಚಿನ ಲೆಕ್ಕವನ್ನು ಊರಿನಲ್ಲಿರುವವರು ಬಹಳ ಸರಳವಾಗಿ ಹೇಳಿಬಿಡುತ್ತಾರೆ: "ನಿಮಗೇನು, ದಿರ್ಹಮ್ ಇದೆ." ದಿರ್ಹಮನ್ನು 1997ರಿಂದ ಡಾಲರಿಗೆ 3.6725ರಂತೆ ಕಟ್ಟಿಹಾಕಿರುವುದರಿಂದ ರೂಪಾಯಿ ಇಳಿದಂತೆಲ್ಲ ನಮ್ಮ ಉಳಿತಾಯ ಬೆಳೆದದ್ದು ನಿಜ; 1999ರಲ್ಲಿ ನಾವು ಬಂದಾಗ ಒಂದು ದಿರ್ಹಮಿಗೆ 12 ರೂಪಾಯಿಗೂ ಕಡಿಮೆ ಇತ್ತು, 2025ರಲ್ಲಿ 23 ದಾಟಿತ್ತು. ಆದರೆ ಸಂಬಳ ನಿಂತ ತಿಂಗಳಿನಿಂದ ಆ ಬೆಳವಣಿಗೆ ನಮ್ಮದಲ್ಲ. ಕಾಯಂ ಆಗಿ ಮರಳಿದ ಮೇಲೆ ಅನಿವಾಸಿಗಳಿಗೆಂದೇ ಇರುವ ಎನ್‌ಆರ್‌ಇ ಬ್ಯಾಂಕ್ ಖಾತೆಯನ್ನು ಬದಲಿಸಬೇಕು, ಅದರ ಬಡ್ಡಿಗೆ ಇದ್ದ ತೆರಿಗೆ ವಿನಾಯಿತಿಯೂ ಹೋಗುತ್ತದೆ. ಹಳೆಯ ಮನೆಯನ್ನು ಸಾಕುವುದಂತೂ ಒಂದು ಸಂಸಾರವನ್ನು ಸಾಕಿದಂತೆ: ಪ್ರತಿ ಮೇ ತಿಂಗಳು ಹೆಂಚು ಕೈಯಾಡಿಸಬೇಕು, ಮಾಡಿನ ಮರದ ಪಕಾಸಿಗೆ ಗೆದ್ದಲು ಹತ್ತದಂತೆ ನೋಡಬೇಕು, ಕಾಯಿ ಕೀಳುವವರಿಗಾಗಿ ವಾರಗಟ್ಟಲೆ ಕಾಯಬೇಕು. ನಾವಿದ್ದ ಆರು ವಾರಗಳಲ್ಲಿ ಒಮ್ಮೆಯೂ ಆತ ಸಿಗಲಿಲ್ಲ.

ಇದರಲ್ಲಿ ಒಂದು ವಿಷಯವನ್ನು ಮಾತ್ರ ಎಲ್ಲರಿಗೂ ಒತ್ತಿ ಹೇಳುತ್ತೇನೆ, ಏಕೆಂದರೆ ನಾವು ತಡ ಮಾಡಿದೆವು. ಭಾರತದ ಆರೋಗ್ಯ ವಿಮೆಯಲ್ಲಿ ಮೊದಲೇ ಇರುವ ಕಾಯಿಲೆಗಳಿಗೆ ಕಾಯುವ ಅವಧಿಯೊಂದು ಇರುತ್ತದೆ. 2024ರ ಏಪ್ರಿಲ್‌ನಿಂದ ಅದರ ಗರಿಷ್ಠ ಮಿತಿಯನ್ನು ನಾಲ್ಕರಿಂದ ಮೂರು ವರ್ಷಕ್ಕೆ ಇಳಿಸಿದ್ದಾರೆ. ಸಕ್ಕರೆ ಕಾಯಿಲೆಯೋ ರಕ್ತದೊತ್ತಡವೋ ಇರುವವರು ಮರಳುವ ಮೂರು ವರ್ಷ ಮೊದಲೇ, ಕಾಯಿಲೆಯನ್ನು ಮುಚ್ಚಿಡದೆ ಬರೆದುಕೊಟ್ಟು, ಊರಿನಲ್ಲಿ ವಿಮೆ ಮಾಡಿಸಿ ಕಂತು ಕಟ್ಟುತ್ತ ಬಂದರೆ ವಿಮಾನ ಇಳಿದ ದಿನದಿಂದಲೇ ಅದು ಕೈಗೆ ಬರುತ್ತದೆ. ನಾವು ಕಳೆದ ವರ್ಷವಷ್ಟೇ ಮಾಡಿಸಿದ್ದೇವೆ. ಮರಳಿದ ಮೇಲೂ ಒಂದು ವರ್ಷಕ್ಕಿಂತ ಹೆಚ್ಚು ಕಾಲ ನಮ್ಮ ಮನೆಯವರ ಸಕ್ಕರೆ ಕಾಯಿಲೆಗೆ ಕೈಯಿಂದಲೇ ಖರ್ಚು.

ಹಳ್ಳಿಯಿಂದ ಮೈಸೂರಿಗೂ ಹೋಗಿ ಹತ್ತು ದಿನ ಇದ್ದೆವು. ಸಮುದ್ರ ಮಟ್ಟದಿಂದ 770 ಮೀಟರ್ ಎತ್ತರದ ಆ ಊರಿನಲ್ಲಿ ಮೇ ತಿಂಗಳ ಸಂಜೆಗೂ ಮೈ ಅಂಟುವುದಿಲ್ಲ. ಹವೆಯೊಂದನ್ನೇ ನೋಡುವುದಾದರೆ ಮಾತೇ ಬೇಡ, ಮೈಸೂರೇ ಸರಿ. ಆದರೆ ಒಂಬತ್ತನೆಯ ದಿನ ನಮ್ಮ ಮನೆಯವರು ಕಾಫಿ ಲೋಟ ಕೆಳಗಿಟ್ಟು, "ಇಲ್ಲಿ ರಾತ್ರಿ ಎರಡು ಗಂಟೆಗೆ ಯಾರ ಬಾಗಿಲು ಬಡಿಯುವುದು?" ಎಂದು ಕೇಳಿದರು. ನನಗೆ ಒಂದು ಹೆಸರೂ ಹೊಳೆಯಲಿಲ್ಲ. ನಲವತ್ತರಲ್ಲಿ ಬಂದಿದ್ದರೆ ಆ ಬಾಗಿಲುಗಳನ್ನು ಸಂಪಾದಿಸಬಹುದಿತ್ತು.

ಕೊನೆಗೆ ಮಣಿಪಾಲದ ಗುಡ್ಡದ ಮೇಲೆ ಎರಡನೆಯ ಮಹಡಿಯ ಮನೆಯೊಂದನ್ನು ನೋಡಿದ್ದೇವೆ. ಆಸ್ಪತ್ರೆಗೆ ಆಟೋದಲ್ಲಿ ಐದು ನಿಮಿಷ, ಲಿಫ್ಟಿಗೆ ಜನರೇಟರ್ ಇದೆ, ನನ್ನ ಅಕ್ಕನ ಮಗ ಉಡುಪಿಯಲ್ಲಿಯೇ ಇದ್ದಾನೆ, ಅತ್ತೆಯನ್ನು ನೋಡಲು ಬೆಳಿಗ್ಗೆ ಹೋಗಿ ಸಂಜೆ ಬರಬಹುದು. ಸೆಖೆ ಇಲ್ಲಿಯೂ ಇದೆ, ಗುಡ್ಡದ ಗಾಳಿಯಿಂದ ಸ್ವಲ್ಪ ಕಡಿಮೆ ಅಷ್ಟೆ; ಅದನ್ನು ಒಪ್ಪಿಕೊಂಡಿದ್ದೇವೆ. ಕೊಳ್ಳುವ ಮಾತು ಸದ್ಯಕ್ಕಿಲ್ಲ, ಮೊದಲು ಒಂದು ವರ್ಷ ಬಾಡಿಗೆಗೆ ಇರುತ್ತೇವೆ. ಮಾಲೀಕರು ಮುಂಗಡ ಕೇಳಿದಾಗ ನಾನು ಜುಲೈವರೆಗೆ ಸಮಯ ಕೇಳಿದ್ದೇನೆ. ಆ ತಿಂಗಳು ಎರಡು ವಾರ ಬಿಡದೆ ಮಳೆ ಸುರಿದ ಮೇಲೆ ಹೋಗಿ, ಪಶ್ಚಿಮದ ಮಲಗುವ ಕೋಣೆಯ ಗೋಡೆಯನ್ನು ಅಂಗೈಯಿಂದ ಮುಟ್ಟಿ ನೋಡಬೇಕಾಗಿದೆ. ತೇವ ಹತ್ತಿದ್ದರೆ ಬೇರೆ ಮನೆ ಹುಡುಕುತ್ತೇವೆ.