ಹಿಮದಲ್ಲಿ ಮೊದಲ ರಾತ್ರಿ: ಯೋಜನೆ ಎರಡನೆಯ ದಿನದಿಂದ ಆರಂಭವಾಗಬೇಕು

ಸ್ಕೀ ಗೈಡ್ ಆಗಿ ನಾನು ಮಾಡುವ ಕೆಲಸದ ದೊಡ್ಡ ಪಾಲು ಹೊರಡುವುದಕ್ಕೆ ಮೊದಲೇ, ಮೇಜಿನ ಮೇಲೆ ನಕಾಶೆ ಹರಡಿಕೊಂಡು ನಡೆಯುತ್ತದೆ. ಲಿಫ್ಟ್ ಆಗಲಿ, ಸಿದ್ಧಪಡಿಸಿದ ಹಾದಿಯಾಗಲಿ, ಗಸ್ತಿನವರಾಗಲಿ ಇಲ್ಲದ ಬೆಟ್ಟಗಳಲ್ಲಿ ಹಗಲು ಹೊತ್ತು ಸ್ಕೀ ಮಾಡಿ ರೂಢಿಯಾದವರು, ಈ ಬಾರಿ ಒಂದು ರಾತ್ರಿ ಅಲ್ಲಿಯೇ ತಂಗಬೇಕು ಎಂದು ಬರುತ್ತಾರೆ. ಅವರು ಬರೆದು ತರುವ ಯೋಜನೆಯಲ್ಲಿ ಏರಬೇಕಾದ ಶಿಖರ, ಇಳಿಯಬೇಕಾದ ಇಳಿಜಾರು, ಟೆಂಟ್ ಹಾಕುವ ಜಾಗ ಎಲ್ಲವೂ ವಿವರವಾಗಿರುತ್ತವೆ. ಎರಡನೆಯ ದಿನದ ಮುಂದೆ ಮಾತ್ರ 'ವಾಪಸ್' ಎಂಬ ಒಂದೇ ಪದವಿರುತ್ತದೆ. ಆ ಪದವನ್ನು ಬಿಡಿಸಿ ಬರೆಯುವುದೇ ಇಡೀ ಯೋಜನೆಯ ಮುಖ್ಯ ಕೆಲಸ ಎಂಬುದು ಈ ಉದ್ಯೋಗ ನನಗೆ ಕಲಿಸಿರುವ ಪಾಠ.

ಇದಕ್ಕೆ ಕಾರಣವಿದೆ. ಹಗಲಿನ ಪ್ರವಾಸದಲ್ಲಿ ಬೆಳಿಗ್ಗೆ ಓದಿದ ಹಿಮಕುಸಿತ ಮುನ್ಸೂಚನೆ ಸಂಜೆಯವರೆಗೆ ಬಹುಮಟ್ಟಿಗೆ ನಮ್ಮ ಜೊತೆಗಿರುತ್ತದೆ. ರಾತ್ರಿ ತಂಗಿದವರು ಮರುದಿನ ಎದುರಿಸುವುದು ಆ ಹೊತ್ತಿಗೆ ಇನ್ನೂ ಬಿದ್ದಿರದ ಹಿಮವನ್ನು. ಹೊಸ ಹಿಮ ಬೀಳಲೇಬೇಕೆಂದೂ ಇಲ್ಲ. ಬಲವಾದ ಗಾಳಿಯೊಂದೇ ಸಾಕು, ಒಂದು ಪಕ್ಕದ ಹಿಮವನ್ನು ಕೆದರಿ ತಂದು ಗಾಳಿಗೆ ಮರೆಯಾಗಿರುವ ಇಳಿಜಾರಿನ ಮೇಲೆ ಕೆಲವೇ ಗಂಟೆಗಳಲ್ಲಿ ಗಟ್ಟಿ ಹಲಗೆಯಂತೆ ಪೇರಿಸಿಬಿಡುತ್ತದೆ. ನಿನ್ನೆ ನಿಶ್ಚಿಂತೆಯಿಂದ ದಾಟಿದ ಇಳಿಜಾರು ಇಂದು ಅದೇ ಇಳಿಜಾರಾಗಿ ಉಳಿದಿರುವುದಿಲ್ಲ.

ಆದ್ದರಿಂದ ನಾನು ಮೊದಲು ಹೊರಬರುವ ದಾರಿಯನ್ನು ಗುರುತು ಹಾಕಿಸುತ್ತೇನೆ. ಹಲಗೆಯಂತೆ ಒಡೆದು ಜಾರುವ ಹಿಮಕುಸಿತಗಳು ಹೆಚ್ಚಾಗಿ 30ರಿಂದ 45 ಡಿಗ್ರಿ ಇಳಿಜಾರುಗಳಲ್ಲಿ ಹುಟ್ಟುತ್ತವೆ. ಸಮೋನ್ನತ ರೇಖೆಗಳ ನಡುವಿನ ಅಂತರವನ್ನು ಅಳೆದೋ, ಇಳಿಜಾರಿಗೆ ತಕ್ಕಂತೆ ಬಣ್ಣ ತುಂಬಿದ ಡಿಜಿಟಲ್ ನಕಾಶೆಯನ್ನು ನೋಡಿಯೋ ಅಂಥ ಜಾಗಗಳನ್ನು ಗುರುತಿಸಬಹುದು. ಆದರೆ ಕಾಲಿನ ಕೆಳಗಿನ ನೆಲವನ್ನಷ್ಟೇ ನೋಡಿ ಸುಮ್ಮನಾಗಬಾರದು. ಸಪಾಟಾದ ಕಣಿವೆಯ ತಳದಲ್ಲಿ ನಡೆಯುತ್ತಿದ್ದರೂ ತಲೆಯ ಮೇಲೆ ಕಡಿದಾದ ಇಳಿಜಾರಿದ್ದರೆ, ನಾವಿರುವುದು ಹಿಮ ಉರುಳಿ ಬಂದು ನಿಲ್ಲುವ ಜಾಗದಲ್ಲಿ. ಸಾಲಾಗಿ ಮುರಿದ ಮರಗಳು, ಇಳಿಜಾರಿನ ಕಡೆಯ ಕೊಂಬೆಗಳನ್ನು ಕಳೆದುಕೊಂಡು ನಿಂತ ಕಾಂಡಗಳು ಇದಕ್ಕೆ ಸಾಕ್ಷಿ ಹೇಳುತ್ತವೆ. ಅಂಥ ಜಾಗದಲ್ಲಿ ಟೆಂಟ್ ಹಾಕುವ ಮಾತೇ ಇಲ್ಲ. ಊಟ ಮಾಡಲು ಕೂರುವುದೂ ಸಲ್ಲದು.

ಹಿಮಕುಸಿತದ ಅಪಾಯವನ್ನು 1ರಿಂದ 5ರವರೆಗಿನ ಮಟ್ಟಗಳಲ್ಲಿ ಸೂಚಿಸುತ್ತಾರೆ. ನಡುವೆ ಇರುವ ಕಾರಣಕ್ಕೆ 3ನ್ನು ಜನ ಸಾಧಾರಣ ಅಪಾಯವೆಂದು ಓದಿಕೊಳ್ಳುತ್ತಾರೆ. ಮಟ್ಟದಿಂದ ಮಟ್ಟಕ್ಕೆ ಅಪಾಯ ಒಂದೇ ಅಳತೆಯಲ್ಲಿ ಏರುವುದಿಲ್ಲ, ಅದು ಜಿಗಿಯುತ್ತದೆ. ಜೀವ ಹೋದ ಅವಘಡಗಳಲ್ಲಿ ಬಹಳಷ್ಟು ನಡೆದಿರುವುದು 3ನೆಯ ಮಟ್ಟದ ದಿನಗಳಲ್ಲೇ. ಹೊರಡುವ ದಿನ ಯಾವ ಮಟ್ಟವಿದೆಯೋ, ಮರುದಿನ ಅದಕ್ಕಿಂತ ಒಂದು ಹೆಚ್ಚಾದರೂ ಹೊರಬರಲು ಸಾಧ್ಯವೇ ಎಂದು ಕೇಳುತ್ತೇನೆ. ಸಾಧ್ಯವಿಲ್ಲವೆಂದಾದರೆ ಶಿಖರ ಎಷ್ಟೇ ಚೆಂದವಿದ್ದರೂ ಮೊದಲ ರಾತ್ರಿಗೆ ಆ ದಾರಿ ಬೇಡ. 'ಹಾಗಾದರೆ ಶಿಖರವನ್ನೇ ಬಿಟ್ಟು ಹೋಗುವುದೇಕೆ?' ಎಂದು ಕೇಳಿದವರಿದ್ದಾರೆ. ಹಿಮದ ಮೇಲೆ ಮಲಗಿ, ಬೆಳಿಗ್ಗೆ ಕೈಕಾಲು ಬೆಚ್ಚಗಿಟ್ಟುಕೊಂಡು ಎದ್ದು, ಸರಿಯಾದ ತೀರ್ಮಾನ ತೆಗೆದುಕೊಳ್ಳಲು ಕಲಿಯುವುದೇ ಮೊದಲ ಪ್ರವಾಸಕ್ಕೆ ಸಾಲುವಷ್ಟು ದೊಡ್ಡ ಗುರಿ ಎಂದು ನಾನು ಮನಸಾರೆ ನಂಬಿದ್ದೇನೆ.

ಸಮಯದ ಲೆಕ್ಕಕ್ಕೆ ಸ್ವಿಟ್ಜರ್ಲೆಂಡಿನ ಗೈಡ್ ವರ್ನರ್ ಮುಂಟರ್ ಅವರ ವಿಧಾನ ಸರಳವಾಗಿದೆ: ದೂರವನ್ನು ಕಿಲೋಮೀಟರಿನಲ್ಲಿ ತೆಗೆದುಕೊಂಡು, ಏರುವ ಎತ್ತರದ ಪ್ರತಿ 100 ಮೀಟರಿಗೆ ಒಂದನ್ನು ಕೂಡಿಸಿ, ಬಂದ ಮೊತ್ತವನ್ನು 4ರಿಂದ ಭಾಗಿಸಬೇಕು. 6 ಕಿಲೋಮೀಟರ್ ದೂರ, 600 ಮೀಟರ್ ಏರು ಎಂದರೆ ಮೊತ್ತ 12, ಅಂದರೆ 3 ಗಂಟೆ. ರಾತ್ರಿಯ ಸಾಮಾನು ಹೊತ್ತ ಹೊಸಬರಿಗೆ ನಾನು 3ರಿಂದಲೇ ಭಾಗಿಸಿ 4 ಗಂಟೆ ಎಂದು ಬರೆಯುತ್ತೇನೆ. ದಣಿವಾರಿಸಿಕೊಳ್ಳುವ ಹೊತ್ತು ಬೇರೆ. ಕತ್ತಲಾಗುವುದಕ್ಕೆ ಎರಡು ಗಂಟೆ ಮೊದಲಾದರೂ ತಂಗುವ ಜಾಗ ಮುಟ್ಟಬೇಕು.

ಆ ಎರಡು ಗಂಟೆ ಹೇಗೆ ಖರ್ಚಾಗುತ್ತದೆ ಎಂಬುದು ಹೊಸಬರಿಗೆ ಊಹೆಗೆ ಸಿಗುವುದಿಲ್ಲ. ಮೊದಲು ಸ್ಕೀಗಳಿಂದಲೂ ಆಮೇಲೆ ಬೂಟುಗಳಿಂದಲೂ ಹಿಮವನ್ನು ತುಳಿದು ಸಮ ಮಾಡಿ, ಅದು ಬಿಗಿದುಕೊಳ್ಳಲು ಅರ್ಧ ಗಂಟೆ ಬಿಡಬೇಕು. ಇಲ್ಲವಾದರೆ ರಾತ್ರಿ ಮಲಗಿದ ಜಾಗ ಗುಂಡಿ ಬೀಳುತ್ತದೆ. ಮಾಮೂಲಿ ಗೂಟಗಳು ಸಡಿಲ ಹಿಮದಲ್ಲಿ ನಿಲ್ಲುವುದಿಲ್ಲವಾದ್ದರಿಂದ ಹಿಮ ತುಂಬಿದ ಚೀಲಗಳನ್ನು ಹೂತು ಅವಕ್ಕೆ ಹಗ್ಗ ಕಟ್ಟುತ್ತೇವೆ. ಉಳಿದ ಹೊತ್ತೆಲ್ಲ ನೀರಿಗೆ. 0 ಡಿಗ್ರಿಯ ಹಿಮವನ್ನು ಬರೀ ಕರಗಿಸಲು ಬೇಕಾಗುವ ಶಾಖದಲ್ಲಿ ಅಷ್ಟೇ ತೂಕದ ನೀರನ್ನು 0ಯಿಂದ ಸುಮಾರು 80 ಡಿಗ್ರಿಯವರೆಗೆ ಕಾಯಿಸಬಹುದು. ಮನೆಯಲ್ಲಿ ನೀರು ಕುದಿಸಿ ಹಾಕಿದ ಇಂಧನದ ಲೆಕ್ಕ ಇಲ್ಲಿ ಸಾಲದೆ ಹೋಗುವುದು ಇದರಿಂದಲೇ. ಬ್ಯುಟೇನ್ −0.5 ಡಿಗ್ರಿಗಿಂತ ಕೆಳಗೆ ಆವಿಯಾಗದ ಕಾರಣ ಸಾಮಾನ್ಯ ಗ್ಯಾಸ್ ಡಬ್ಬಿಯ ಉರಿ ಚಳಿಯಲ್ಲಿ ಸೊರಗುತ್ತದೆ; ಹೆಚ್ಚು ಚಳಿಯಿದ್ದಲ್ಲಿ ದ್ರವ ಇಂಧನದ ಸ್ಟವ್ ವಾಸಿ. ಪಾತ್ರೆಗೆ ಮೊದಲು ಒಂದು ಲೋಟ ನೀರು ಹಾಕಿ, ಹಿಮವನ್ನು ಸ್ವಲ್ಪ ಸ್ವಲ್ಪವಾಗಿ ಸೇರಿಸುತ್ತ ಕಲಕಬೇಕು. ಬರೀ ಪುಡಿ ಹಿಮವನ್ನು ತುಂಬಿ ಉರಿಯ ಮೇಲಿಟ್ಟರೆ, ಕರಗಿದ ಹನಿಯನ್ನು ಮೇಲಿನ ಹಿಮವೇ ಹೀರಿಕೊಂಡು ತಳ ಒಣಗುತ್ತದೆ. ಪಾತ್ರೆ ಸೀದು, ಆ ವಾಸನೆ ರಾತ್ರಿಯೆಲ್ಲ ನೀರಿನಲ್ಲಿ ಉಳಿಯುತ್ತದೆ. ಈ ಕೆಲಸ ಮುಚ್ಚಿದ ಟೆಂಟಿನೊಳಗೆ ಎಂದಿಗೂ ಬೇಡ. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಮಲಗುವ ಮುನ್ನ ನಾನು ಎಲ್ಲರ ಹಾಸಿಗೆಯ ಹತ್ತಿರ ಹೋಗಿ ಮೂರು ವಸ್ತುಗಳನ್ನು ಕೇಳುತ್ತೇನೆ: ಬೂಟಿನ ಒಳಪದರ, ಏರುವಾಗ ಹಿಂದಕ್ಕೆ ಜಾರದಂತೆ ಸ್ಕೀಯ ತಳಕ್ಕೆ ಅಂಟಿಸುವ ಪಟ್ಟಿಗಳಾದ ಸ್ಕೀ ಸ್ಕಿನ್‌ಗಳು, ತುಂಬಿದ ನೀರಿನ ಬಾಟಲಿ. ಮೂರೂ ಸ್ಲೀಪಿಂಗ್ ಬ್ಯಾಗಿನೊಳಗಿರಬೇಕು. ಬೆವರಿನಿಂದ ಒದ್ದೆಯಾದ ಒಳಪದರ ಹೊರಗುಳಿದರೆ ಬೆಳಿಗ್ಗೆ ಮರದಂತೆ ಸೆಟೆದಿರುತ್ತದೆ, ಕಾಲು ಒಳಗೆ ಇಳಿಯುವುದೇ ಇಲ್ಲ. ಸ್ಕಿನ್‌ನ ಅಂಟು ಹೆಪ್ಪುಗಟ್ಟಿದರೆ ಅದು ಸ್ಕೀಗೆ ಹಿಡಿಯುವುದಿಲ್ಲ. ಸ್ಕಿನ್ ಇಲ್ಲದೆ ಏರುದಾರಿಯಲ್ಲಿ ಸೊಂಟದುದ್ದದ ಹಿಮದಲ್ಲಿ ನಡೆಯಬೇಕಾದವರು ಬಿಸಿಲೇರಿ ಹಿಮ ಸಡಿಲಾಗುವ ಮುನ್ನ ಅಪಾಯದ ಜಾಗವನ್ನು ದಾಟಲಾರರು.

ಟ್ರಾನ್ಸ್‌ಸೀವರ್ (ಹಿಮದಲ್ಲಿ ಹೂತವರನ್ನು ಹುಡುಕಲು ರೇಡಿಯೊ ಸಂಕೇತ ಕಳಿಸುವ, ಹಿಡಿಯುವ ಸಾಧನ), ಪ್ರೋಬ್ (ಹಿಮಕ್ಕೆ ಚುಚ್ಚಿ ಹುಡುಕುವ ಉದ್ದನೆಯ ಕೋಲು), ಸಲಿಕೆ ಪ್ರತಿಯೊಬ್ಬರಲ್ಲೂ ಇರಲೇಬೇಕು, ಬಳಸುವ ಅಭ್ಯಾಸ ಮೊದಲೇ ಆಗಿರಬೇಕು. ಹೂತುಹೋದವರು ಬದುಕುವ ಸಾಧ್ಯತೆ ಮೊದಲ 10–15 ನಿಮಿಷಗಳ ನಂತರ ತೀವ್ರವಾಗಿ ಕುಸಿಯುತ್ತದೆ. ಸಂಕೇತಕ್ಕೆ ಅಡ್ಡಿಯಾಗದಂತೆ ಮೊಬೈಲನ್ನು ಟ್ರಾನ್ಸ್‌ಸೀವರ್‌ನಿಂದ 20 ಸೆಂಟಿಮೀಟರ್, ಹುಡುಕುವಾಗ 50 ಸೆಂಟಿಮೀಟರ್ ದೂರವಿಡಬೇಕು. ರಾತ್ರಿ ಒಂದು ಸಲಿಕೆ ಟೆಂಟಿನ ಬಾಗಿಲ ಒಳಗೇ ಇರಲಿ.

ಬೆಳಿಗ್ಗೆ ಗುಂಪಿನಲ್ಲಿ ಯಾರೇ ಒಬ್ಬರು ಬೇಡವೆಂದರೂ ಆ ಇಳಿಜಾರಿಗೆ ಕಾಲಿಡುವುದಿಲ್ಲ ಎಂಬ ಒಪ್ಪಂದ ಹೊರಡುವ ಮೊದಲೇ ಆಗಬೇಕು, ಏಕೆಂದರೆ ದಣಿದು ಚಳಿಯಲ್ಲಿ ನಿಂತವರಿಗೆ ಒಂಟಿಯಾಗಿ ಭಿನ್ನ ಮಾತಾಡುವುದು ಸುಲಭವಲ್ಲ. ಹಿಮ ಬಹಳ ಬಿದ್ದಿದ್ದರೆ ಅಲ್ಲಿಯೇ ಉಳಿಯುವುದೂ ಒಂದು ತೀರ್ಮಾನವೇ. ಅದಕ್ಕಾಗಿ ಒಂದು ದಿನದ ಹೆಚ್ಚುವರಿ ಊಟವನ್ನೂ ಇಂಧನವನ್ನೂ ಹೊರಿಸುತ್ತೇನೆ. ಕೆಳಗೆ ಒಬ್ಬರ ಬಳಿ ನಮ್ಮ ದಾರಿಯ ನಕಾಶೆಯನ್ನೂ, ಆ ಹೆಚ್ಚುವರಿ ದಿನವನ್ನು ಸೇರಿಸಿ ಲೆಕ್ಕ ಹಾಕಿದ, ಅದು ಮೀರಿದರೆ ರಕ್ಷಣಾ ತಂಡಕ್ಕೆ ಕರೆ ಮಾಡಬೇಕಾದ ಸಮಯವನ್ನೂ ಬರೆದು ಕೊಟ್ಟಿರುತ್ತೇನೆ.