ಎಸಿ ಡಕ್ಟಿನ ಬೂಷ್ಟು, ಅಟ್ಟದ ಮೇಲಿನ ನೀರು

ನಮ್ಮ ಮನೆಯ ಎಸಿ ಡಕ್ಟಿನಲ್ಲಿ, ಅಂದರೆ ತಂಪುಗಾಳಿ ಹರಿಯುವ ಕೊಳವೆಯಲ್ಲಿ, ಏನೋ ಸರಿಯಿಲ್ಲ ಅಂತ ಮೊದಲು ಪತ್ತೆ ಹಚ್ಚಿದ್ದು ನಮ್ಮ ಅತ್ತೆ. ಸಾಗರದಿಂದ ಬಂದಿದ್ದರು, ಮೊಮ್ಮಗಳ ಕೋಣೆಯಲ್ಲೇ ಮಲಗುತ್ತಿದ್ದರು. ಒಂದು ಬೆಳಗ್ಗೆ ಅಡುಗೆಮನೆಗೆ ಬಂದವರು, “ಆ ರೂಮಲ್ಲಿ ಮಳೆಗಾಲದ ಟ್ರಂಕಿನ ವಾಸನೆ ಬರುತ್ತೆ ಕಣೇ. ಎಸಿ ಶುರುವಾದ ಕೂಡಲೇ ಬರುತ್ತೆ, ಸ್ವಲ್ಪ ಹೊತ್ತಿಗೆ ಹೋಗುತ್ತೆ” ಅಂದರು. ಮಲೆನಾಡಿನ ಆಷಾಢ, ಶ್ರಾವಣ ಕಂಡವರ ಮೂಗು ಅದು. ಸ್ಟೂಲ್ ಹಾಕಿಕೊಂಡು ಹತ್ತಿ ನೋಡಿದೆ. ಸೀಲಿಂಗಿನಲ್ಲಿ ತಂಪುಗಾಳಿ ಬರುವ ಜಾಲರಿಯ ಸುತ್ತ ಕಪ್ಪು ಚುಕ್ಕೆಗಳು. ಜಾಲರಿ ಬಿಚ್ಚಿದರೆ ಒಳಗಿನ ತಗಡಿನ ಮೇಲೂ ಚುಕ್ಕೆಗಳು.

ನಾವಿರುವುದು ಟೆಕ್ಸಾಸಿನ ಹೂಸ್ಟನ್ ಪಕ್ಕದ ಕೇಟಿಯಲ್ಲಿ. ಇಲ್ಲಿ ಬಿಸಿಲಿಗಿಂತ ತೇವವೇ ಜಾಸ್ತಿ ಕಾಡುತ್ತದೆ. ಸಮುದ್ರ ಹತ್ತಿರ ಅಲ್ವಾ. ಬೇಸಿಗೆಯಲ್ಲಿ ಹೊರಗಿನ ಗಾಳಿ ಎಷ್ಟು ಒದ್ದೆ ಅಂದರೆ, 24 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿರುವ ಯಾವುದಕ್ಕೆ ಅದು ತಾಗಿದರೂ ನೀರು ಕೂರುತ್ತದೆ. ಎಸಿಯಿಂದ ಹೊರಡುವ ಗಾಳಿ ಸುಮಾರು 13 ಡಿಗ್ರಿ. ಆ ಗಾಳಿಯನ್ನು ಕೋಣೆಗಳಿಗೆ ಒಯ್ಯುವ ಡಕ್ಟುಗಳು ಇಲ್ಲಿನ ಹೆಚ್ಚಿನ ಮನೆಗಳಲ್ಲಿ ಅಟ್ಟದ ಮೇಲೆ ಹರಿದಿರುತ್ತವೆ. ಅಟ್ಟವೋ, ಮಧ್ಯಾಹ್ನದ ಹೊತ್ತಿಗೆ 50 ಡಿಗ್ರಿ ದಾಟುತ್ತದೆ. ಚಳಿಗಾಲದಲ್ಲಿ ಹೀಟರಿನ ಬಿಸಿಗಾಳಿ ಬರುವುದೂ ಇದೇ ಡಕ್ಟುಗಳಲ್ಲಿ. ಆಗ ಗಾಳಿ ಒಣಗಿರುವುದರಿಂದ ತೊಂದರೆ ಕಡಿಮೆ. ಬೂಷ್ಟಿಗೆ ನೀರು ಬೇಕು, ತಿನ್ನಲು ಒಂದಿಷ್ಟು ಧೂಳು ಬೇಕು. ಬೇಸಿಗೆಯ ಅಟ್ಟದಲ್ಲಿ ಎಲ್ಲೋ ಒಂದು ಸಂದು ಬಿಟ್ಟಿದ್ದರೂ ಎರಡೂ ಸಿಗುತ್ತವೆ.

ಮಗಳಿಗೆ ಆಸ್ತಮಾ ಇದೆ. ಹಾಗಾಗಿ ತಡಮಾಡಲು ಮನಸ್ಸಾಗಲಿಲ್ಲ. ಇಡೀ ಮನೆಗೆ 99 ಡಾಲರ್ ಅಂತ ಜಾಹೀರಾತು ಕೊಟ್ಟಿದ್ದ ಡಕ್ಟ್ ಕ್ಲೀನಿಂಗ್‌ನವರನ್ನು ಕರೆಸಿದೆವು. ಬಂದಾತ ಜಾಲರಿಯೊಳಗೆ ಕ್ಯಾಮೆರಾ ತೂರಿಸಿದ, ಫೋನಿನಲ್ಲಿ ಒಂದು ಕಪ್ಪು ಚಿತ್ರ ತೋರಿಸಿದ. ಇದು ವಿಷದ ಕಪ್ಪು ಬೂಷ್ಟು, ಮಗು ಇರುವ ಮನೆ, ಇವತ್ತೇ ಔಷಧಿ ಹೊಗೆ ಹಾಕಬೇಕು ಅಂದ. 99 ಡಾಲರ್ ಎರಡು ಸಾವಿರ ದಾಟಿತು. ಅಟ್ಟದ ಏಣಿ ಅವನ ತಲೆಯ ಮೇಲೇ ಇತ್ತು, ಅದನ್ನು ಇಳಿಸಲೂ ಇಲ್ಲ. ನೀರು ಎಲ್ಲಿಂದ ಬರುತ್ತಿದೆ ಅಂತ ನನ್ನ ಗಂಡ ಕೇಳಿದರು. ಉತ್ತರ ಬರಲಿಲ್ಲ. ನಾಳೆ ತಿಳಿಸುತ್ತೇವೆ ಅಂತ ಕಳುಹಿಸಿದೆವು. ಮಗುವಿನ ಉಸಿರಿನ ಹೆಸರು ಹೇಳಿ ಹೆದರಿಸಿ ದುಡ್ಡು ಕೀಳುವುದು ನನಗೆ ಈಗಲೂ ಸಹಿಸಲಾಗದ ಮಾತು.

ಆ ರಾತ್ರಿ ಕೂತು ಓದಿದೆ. ಅಮೆರಿಕದ ಪರಿಸರ ರಕ್ಷಣಾ ಸಂಸ್ಥೆ ಇಪಿಎ ಡಕ್ಟ್ ಕ್ಲೀನಿಂಗ್ ಬಗ್ಗೆಯೇ ಜನರಿಗಾಗಿ ಒಂದು ಕೈಪಿಡಿ ಬರೆದಿದೆ. ತುಂಬ ನೇರವಾಗಿದೆ. ಡಕ್ಟುಗಳನ್ನು ಸುಮ್ನೆ ವರ್ಷವರ್ಷ ತೊಳೆಸಬೇಕಿಲ್ಲ, ಕಣ್ಣಿಗೆ ಕಾಣುವಷ್ಟು ಬೂಷ್ಟು ಬೆಳೆದಿದ್ದರೆ ಯೋಚಿಸಿ ಅನ್ನುತ್ತದೆ. ಬೂಷ್ಟಿನಂತೆ ಕಾಣುವುದೆಲ್ಲ ಬೂಷ್ಟಲ್ಲ, ಪಾರದರ್ಶಕ ಅಂಟುಪಟ್ಟಿಯನ್ನು ಒತ್ತಿ ತೆಗೆದು ಲ್ಯಾಬಿಗೆ ಕಳುಹಿಸಿದರೆ ಸುಮಾರು 50 ಡಾಲರ್‌ಗೆ ಹೇಳುತ್ತಾರೆ ಅಂತಲೂ ಇದೆ. ನನ್ನ ಕಣ್ಣು ನಿಂತದ್ದು ಇನ್ನೆರಡು ಮಾತಿನ ಮೇಲೆ. ಡಕ್ಟಿನಲ್ಲಿ ಶಾಖ ತಡೆಯಲು ಹಾಕುವ ಗಾಜಿನ ನಾರಿನ ಪದರ, ಅಂದರೆ ಫೈಬರ್‌ಗ್ಲಾಸ್ ಇನ್ಸುಲೇಶನ್, ಒದ್ದೆಯಾಗಿ ಬೂಷ್ಟು ಹಿಡಿದರೆ ಅದನ್ನು ಶುಚಿ ಮಾಡಲು ಆಗುವುದಿಲ್ಲ, ಕಿತ್ತು ಬದಲಿಸಬೇಕು. ಅಂಥ ಡಕ್ಟುಗಳ ಒಳಗೆ ಹೊಡೆಯಲು ಇಪಿಎ ಒಪ್ಪಿಗೆ ಪಡೆದ ಬೂಷ್ಟುನಾಶಕ ಯಾವುದೂ ಇಲ್ಲ. ಆ ಮನುಷ್ಯ ಹಾಕುತ್ತೇನೆ ಅಂದ ಹೊಗೆ ಮತ್ತೇನು?

ಅಂಟುಪಟ್ಟಿ ಕಳುಹಿಸಿದೆವು. ಬಂದ ಉತ್ತರ ಕ್ಲಾಡೋಸ್ಪೋರಿಯಂ. ಹೊರಗಿನ ಗಾಳಿಯಲ್ಲಿ, ಎಲೆಗಳ ಮೇಲೆ ಎಲ್ಲೆಲ್ಲೂ ಇರುವ ಸಾಮಾನ್ಯ ಬೂಷ್ಟು. ಅಲರ್ಜಿ, ಆಸ್ತಮಾ ಇರುವವರಿಗೆ ತೊಂದರೆ ಕೊಡಬಲ್ಲದು, ನಿಜ. ಆದರೆ ಅವತ್ತೇ ಮನೆ ಬಿಟ್ಟು ಓಡಬೇಕಾದ್ದಲ್ಲ. ಬೂಷ್ಟು ಹೌದೋ ಅಲ್ಲವೋ ಅಂತ ತಿಳಿಯಲು ಲ್ಯಾಬ್ ನಮಗೆ ಬೇಕಿತ್ತು. ಜಾತಿ ಯಾವುದಾದರೂ ಮಾಡಬೇಕಾದ ಕೆಲಸ ಒಂದೇ: ನೀರು ನಿಲ್ಲಿಸುವುದು, ಬೂಷ್ಟು ಹಿಡಿದದ್ದನ್ನು ತೆಗೆಯುವುದು.

ಟೆಕ್ಸಾಸಿನಲ್ಲಿರುವ ಕನ್ನಡದವರಿಗೆ ಇದೊಂದು ಗೊತ್ತಿರಲಿ. ಇಲ್ಲಿ ಬೂಷ್ಟಿನ ಕೆಲಸಕ್ಕೆ ರಾಜ್ಯದ ಲೈಸೆನ್ಸ್ ಇದೆ. ಒಂದೇ ಕೆಲಸದಲ್ಲಿ ಪರೀಕ್ಷೆ ಮಾಡಿ ವರದಿ ಕೊಡುವವರೂ ತೆಗೆಯುವವರೂ ಒಬ್ಬರೇ ಆಗಿರಬಾರದು ಅನ್ನುತ್ತದೆ ಕಾನೂನು. ಒಟ್ಟಿಗೆ ಹರಡಿದ ಬೂಷ್ಟು 25 ಚದರ ಅಡಿಗಿಂತ ಕಡಿಮೆ ಇದ್ದರೆ ತೆಗೆಯುವವರಿಗೆ ಆ ಲೈಸೆನ್ಸ್ ಬೇಕಿಲ್ಲ. ನಮ್ಮದು ಅಷ್ಟಿರಲಿಲ್ಲ. ಹಾಗಾಗಿ ಎಸಿ ಕೆಲಸದ ಲೈಸೆನ್ಸ್ ಇರುವವರನ್ನು ಕರೆದೆವು.

ಬಂದವರು ವಯಸ್ಸಾದ ಮೆಕ್ಯಾನಿಕ್. ಬಿಸಿಲೇರಿದ ಮೇಲೆ ಅಟ್ಟದಲ್ಲಿ ಕೂರಲಾಗದು ಅಂತ ಬೆಳಗ್ಗೆ ಏಳಕ್ಕೇ ಬಂದರು. ಜಾಲರಿ ನೋಡುವ ಮೊದಲು ಥರ್ಮೋಸ್ಟಾಟ್ ಹತ್ತಿರ ಹೋಗಿ ಪುಟ್ಟ ತೇವಮಾಪಕ ಇಟ್ಟರು. ಗಾಳಿಯಲ್ಲಿನ ತೇವ ಶೇಕಡಾ 66 ಅಂತ ತೋರಿಸಿತು. 60 ದಾಟಬಾರದು, 50ರ ಒಳಗಿದ್ದರೆ ಒಳ್ಳೆಯದು ಅಂದರು. ಆಮೇಲೆ ಅಟ್ಟಕ್ಕೆ ಹತ್ತಿದರು. ನಾನೂ ಹಿಂದೆ ಹತ್ತಿದೆ. ಟಾರ್ಚ್ ಹಿಡಿಯುವ ಕೆಲಸ ನನ್ನದು.

ಅಲ್ಲಿ ಕಂಡದ್ದನ್ನು ನಾನು ಮರೆಯಲಾರೆ. ಎಸಿ ಪೆಟ್ಟಿಗೆಯೊಳಗೆ ತಣ್ಣನೆಯ ಕಾಯಿಲ್ ಇರುತ್ತದೆ. ಗಾಳಿಯಲ್ಲಿನ ತೇವ ಅದರ ಮೇಲೆ ನೀರಾಗಿ ಇಳಿದು, ಕೆಳಗಿನ ತಟ್ಟೆಗೆ ಬಿದ್ದು, ಪೈಪಿನಲ್ಲಿ ಹೊರಗೆ ಹೋಗಬೇಕು. ಪೈಪಿನೊಳಗೆ ಪಾಚಿ ಲೋಳೆ ಕಟ್ಟಿ ನೀರು ತಟ್ಟೆಯಲ್ಲೇ ನಿಂತಿತ್ತು. ಕಾಯಿಲಿನ ಮೇಲೆ ಧೂಳಿನ ಪದರ. ಅದನ್ನು ದಾಟಿದ ಕೂಡಲೇ ಬರುವ ದೊಡ್ಡ ಪೆಟ್ಟಿಗೆಗೆ ಇವರು ಪ್ಲೀನಮ್ ಅನ್ನುತ್ತಾರೆ, ಎಲ್ಲ ಡಕ್ಟುಗಳೂ ಕವಲೊಡೆಯುವುದು ಅಲ್ಲಿಂದ. ನಮ್ಮದು ಫೈಬರ್‌ಗ್ಲಾಸ್ ಹಲಗೆಯದು. ಒಳಮೈ ಕೆಳಗಿನ ಅರ್ಧ ಕಪ್ಪಾಗಿತ್ತು. ಬೆರಳಿಟ್ಟು ಒತ್ತಿದರೆ ಮೆತ್ತಗೆ ಒಳಗೆ ಹೋಯಿತು. ಇದನ್ನು ಹೊಗೆ ಹಾಕಿ, ಬ್ರಷ್ ಹಾಕಿ ಶುಚಿ ಮಾಡಬಹುದೇ? ಸಾಧ್ಯವೇ ಇಲ್ಲ.

ಮಗಳ ಕೋಣೆಯ ಕಥೆ ಬೇರೆ. ಅಲ್ಲಿ ಡಕ್ಟು ಬಂದು ಸೀಲಿಂಗಿಗೆ ಸೇರುವ ಜಾಗದಲ್ಲಿ ಬೆರಳು ತೂರುವಷ್ಟು ಸಂದು. ಅಟ್ಟದ ಒದ್ದೆ ಬಿಸಿಗಾಳಿ ಅದರಲ್ಲಿ ಇಳಿದು ತಣ್ಣನೆಯ ತಗಡಿಗೆ ತಾಗಿ ಬೆವರಾಗುತ್ತಿತ್ತು. ವಾಪಸು ಗಾಳಿ ಎಳೆಯುವ ಡಕ್ಟಿನ ಜೋಡಣೆಯಲ್ಲೂ ಟೇಪ್ ಬಿಟ್ಟಿತ್ತು. ಅಂದರೆ ಯಂತ್ರ ಪ್ರತಿ ಸಲ ಓಡಿದಾಗಲೂ ಅಟ್ಟದ ತೇವವನ್ನು ಎಳೆದು ಮನೆಗೆ ತರುತ್ತಿತ್ತು.

ಎರಡು ದಿನದ ಕೆಲಸವಾಯಿತು. ಪ್ಲೀನಮ್ ಕಿತ್ತು ಹೊಸದು ಹಾಕಿದರು. ಒಳಗೆ ಕಲೆಯಾಗಿದ್ದ ಬಳುಕು ಡಕ್ಟುಗಳನ್ನೂ ಬದಲಿಸಿದರು. ಕಿತ್ತದ್ದನ್ನೆಲ್ಲ ಅಟ್ಟದಲ್ಲೇ ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕೆಳಗಿಳಿಸಿದರು. ಧೂಳು ಮನೆಯೊಳಗೆ ಹಾರದಿರಲಿ ಅಂತ ಜಾಲರಿಗಳಿಗೆಲ್ಲ ಹಾಳೆ ಅಂಟಿಸಿದ್ದರು. ಆ ಎರಡು ದಿನ ಅತ್ತೆ, ಮಗಳು ನನ್ನ ಗೆಳತಿಯ ಮನೆಯಲ್ಲಿದ್ದರು. ಕಾಯಿಲ್ ತೊಳೆದರು, ಪೈಪಿನ ಲೋಳೆ ಹೊರಗಿನಿಂದ ವ್ಯಾಕ್ಯೂಮ್ ಹಿಡಿದು ಎಳೆದರು. ತಟ್ಟೆಯಲ್ಲಿ ನೀರು ಏರಿದರೆ ಯಂತ್ರವೇ ನಿಲ್ಲುವಂಥ ಫ್ಲೋಟ್ ಸ್ವಿಚ್ ಕೂರಿಸಿದರು. ಸಂದುಗಳಿಗೆಲ್ಲ ಮ್ಯಾಸ್ಟಿಕ್ ಎಂಬ ಗಟ್ಟಿ ಲೇಪ ಬಳಿದರು. ಖರ್ಚು ಹೊಗೆಯವನು ಹೇಳಿದ್ದಕ್ಕಿಂತ ಜಾಸ್ತಿಯೇ ಆಯಿತು. ನನಗೆ ಆ ದುಡ್ಡಿನ ಬಗ್ಗೆ ಬೇಸರವಿಲ್ಲ.

ಹೋಗುವಾಗ ಅವರು ಥರ್ಮೋಸ್ಟಾಟಿನಲ್ಲಿ ಫ್ಯಾನನ್ನು ‘ಆನ್’ ಬದಲು ‘ಆಟೋ’ದಲ್ಲಿ ಇಡಿ ಅಂದರು. ಗಾಳಿ ಆಡುತ್ತಿರಲಿ ಅಂತ ಇಲ್ಲಿ ಎಷ್ಟೋ ಮನೆಗಳಲ್ಲಿ ಫ್ಯಾನ್ ಸದಾ ಓಡುತ್ತಿರುತ್ತದೆ. ತಂಪು ಮಾಡುವುದು ನಿಂತ ಮೇಲೂ ಫ್ಯಾನ್ ಓಡಿದರೆ ಕಾಯಿಲಿನ ಮೇಲಿನ ನೀರು ಮತ್ತೆ ಆವಿಯಾಗಿ ಕೋಣೆಗೇ ಬರುತ್ತದೆ. ಇಷ್ಟು ಚಿಕ್ಕ ವಿಷಯ ಯಾರೂ ಹೇಳುವುದೇ ಇಲ್ಲವಲ್ಲ!

ನಮ್ಮ ಬೀದಿಯ ಹಳಬರಿಗೆ ಬೂಷ್ಟು ಅಂದರೆ 2017ರ ಆಗಸ್ಟ್, ಹಾರ್ವೆ ಚಂಡಮಾರುತ. ಆಗ ನೆರೆಯ ನೀರು ನುಗ್ಗಿದ ಮನೆಗಳಲ್ಲಿ ಗೋಡೆಯ ಹಲಗೆಗಳನ್ನು ಸೊಂಟದೆತ್ತರಕ್ಕೆ ಕತ್ತರಿಸಿ ಒಣಗಿಸಬೇಕಾಯಿತು. ಒದ್ದೆಯಾದದ್ದನ್ನು 24ರಿಂದ 48 ಗಂಟೆಯೊಳಗೆ ಒಣಗಿಸಬೇಕು ಅನ್ನುವುದು ಅವರಿಗೆ ಬಾಯಿಪಾಠ. ಆ ನೀರು ಎಲ್ಲರಿಗೂ ಕಂಡಿತ್ತು. ಅಟ್ಟದ ತಟ್ಟೆಯಲ್ಲಿ ನಿಂತ ನೀರು ಕಾಣುವುದಿಲ್ಲ.

ತೇವಮಾಪಕ ಈಗ ಮಗಳ ಕೋಣೆಯ ಕಪಾಟಿನ ಮೇಲಿದೆ. 50ರ ಆಸುಪಾಸು ಇರುತ್ತದೆ. ಮಳೆ ಹಿಡಿದ ದಿನ 55 ಆಗುತ್ತದೆ. ವಾಸನೆ ಹೋಗಿದೆ. ಮಗಳ ಬೆಳಗಿನ ಕೆಮ್ಮೂ ಕಡಿಮೆಯಾಗಿದೆ. ಅದಕ್ಕೆ ಡಕ್ಟೇ ಕಾರಣ ಅಂತ ನಾನು ಹೇಳಲಾರೆ. ಇಲ್ಲಿ ವಸಂತದಲ್ಲಿ ಓಕ್ ಮರದ ಪರಾಗವೂ ಕಾಡುತ್ತದೆ, ಅದೂ ಆ ಹೊತ್ತಿಗೆ ಮುಗಿದಿತ್ತು.

ಇನ್ನೊಂದು ಕೆಲಸ ಬಾಕಿ ಇದೆ. ನಮ್ಮ ಎಸಿ 5 ಟನ್ನಿನದು, ಮನೆಗೆ ಅದು ದೊಡ್ಡದಾಯಿತು ಅಂತ ಆ ಮೆಕ್ಯಾನಿಕ್ ಹೇಳಿದ್ದಾರೆ. ದೊಡ್ಡ ಯಂತ್ರ ಕೋಣೆಯನ್ನು ಬೇಗ ತಣ್ಣಗೆ ಮಾಡಿ ನಿಂತುಬಿಡುತ್ತದೆ, ಗಾಳಿಯಿಂದ ತೇವ ಎಳೆಯುವಷ್ಟು ಹೊತ್ತು ಓಡುವುದೇ ಇಲ್ಲ. ಮುಂದೆ ಯಂತ್ರ ಬದಲಿಸುವಾಗ ಕಿಟಕಿ, ಇನ್ಸುಲೇಶನ್, ಚದರ ಅಡಿ ಎಲ್ಲ ಸೇರಿಸಿ ಲೋಡ್ ಲೆಕ್ಕ, ಅಂದರೆ ಮನೆಗೆ ಎಷ್ಟು ತಂಪು ಬೇಕು ಅನ್ನುವ ಲೆಕ್ಕ, ಹಾಕಿ ಕೊಡುವವರಿಗೇ ಕೆಲಸ ಕೊಡುತ್ತೇವೆ. ಅಲ್ಲಿಯವರೆಗೆ ಅಟ್ಟ ಹತ್ತಿ ಡ್ರೈನ್ ಪೈಪಿಗೆ ಒಂದು ಲೋಟ ವಿನೆಗರ್ ಸುರಿಯುವುದು ನನ್ನ ಗಂಡನ ಪಾಲಿನ ಕೆಲಸ, ಜಾಲರಿಗಳ ಸುತ್ತ ಕಣ್ಣಾಡಿಸುವುದು ನನ್ನದು.